ಗಂಗ್-ಹೋ

ಯಾವುದೊಂದು ಕಾರ್ಯಕ್ಕೂ ಹಿಂದುಮುಂದು ನೋಡದೆ ಅತ್ಯುತ್ಸಾಹದಿಂದ ಧುಮುಕುವವನನ್ನು ಇಂಗ್ಲಿಷಿನ, ವಿಶೇಷವಾಗಿ ಅಮೆರಿಕದ, ಆಡುಮಾತಿನಲ್ಲಿ ‘ಗಂಗ್-ಹೋ’ ಎಂದು ಬಣ್ಣಿಸುವುದುಂಟು. ಯುದ್ಧೋತ್ಸಾಹದ ಛಾಯೆಯುಳ್ಳ ಈ ಪದದ ಮೂಲವಾದರೋ ರಣರಂಗವಲ್ಲ, ಚೀನದ ಕಾರ್ಯಾಗಾರಗಳು. ಜಪಾನೀಯರ ಆಕ್ರಮಣದಿಂದ ಶಾಂಘೈ ಮೊದಲಾದ ಕಡೆಗಳ ಕಾರ್ಖಾನೆಗಳು ಧ್ವಂಸವಾಗಲು, ನಿರಾಶ್ರಿತರಿಗೆ ಉದ್ಯೋಗವನ್ನೂ ದೇಶಕ್ಕೆ ಅವಶ್ಯವಸ್ತುಗಳನ್ನೂ ಒದಗಿಸಬೇಕೆಂದು ನ್ಯೂಜಿಲೆಂಡಿನ ರೆವಿ ಆಲಿ, ಪತ್ರಕರ್ತ ಎಡ್ಗರ್ ಸ್ನೋ ದಂಪತಿಗಳು ಮುಂತಾದವರ ಪ್ರಯತ್ನದಿಂದ 1938ರಲ್ಲಿ ಹುಟ್ಟಿದ ಕೈಗಾರಿಕಾ ಸಹಕಾರ ಸಂಘಗಳ ದೀರ್ಘನಾಮದಿಂದ ಆಯ್ದುಕೊಂಡ ಎರಡು ಲಿಪಿಚಿಹ್ನೆಗಳ ಉಚ್ಚಾರಣೆಯೇ ಇದು. ಒಂದಕ್ಕೆ ಕೆಲಸವೆಂದೂ ಮತ್ತೊಂದಕ್ಕೆ ಕೂಡುವುದೆಂದೂ ಅರ್ಥ.

ಚೀನದಲ್ಲಿ ಸಂಚರಿಸಿ ಈ ಸಂಘಗಳನ್ನು ಬಲ್ಲವನಾಗಿದ್ದ ಇವಾನ್ಸ್ ಕಾರ್ಲ್‌ಸನ್ ಎಂಬ ಅಮೆರಿಕದ ಸೇನಾಧಿಕಾರಿಯು ಆ ಸಂಕ್ಷಿಪ್ತನಾಮವನ್ನು ‘ಕೂಡಿ ದುಡಿಯಿರಿ’ ಎಂಬ ಉಪದೇಶವೆಂದೇ ಗ್ರಹಿಸಿ, 1942ರಲ್ಲಿ ತನ್ನ ಮೆರೀನ್ ದಳಕ್ಕೆ ಘೋಷವಾಕ್ಯವಾಗಿ ಕೊಟ್ಟನು. ಅಧಿಕಾರಿಗಳೂ ಸಾಮಾನ್ಯ ಸೈನಿಕರೂ ಸಂಕೋಚವಿಲ್ಲದೆ ಚರ್ಚಿಸುವ ಸಭೆಗಳಿಗೂ ಅದೇ ಹೆಸರಾಯಿತು. (ಸೈನ್ಯದಲ್ಲಿ ಇಂಥ ಸಮಾನತೆ ಸೋಜಿಗವೇ ಸರಿ.) ಆ ದಳದ ಸಾಹಸವನ್ನು ಚಿತ್ರಿಸಿದ 1943ರ ಚಲನಚಿತ್ರವು ಪದವನ್ನು ಮನೆಮನೆಗೆ ಮುಟ್ಟಿಸಿತು. ಕ್ರಮೇಣ ಸಹಕಾರದ ಅರ್ಥವು ಸವೆದು, ಉತ್ಸಾಹವೂ, ಕೊನೆಗೆ ಅದರ ಅತಿರೇಕದ ಬಗೆಗಿನ ಪರಿಹಾಸವೂ ಉಳಿದುವು. ‘ಆ ವಿಷಯದಲ್ಲಿ ನಾನು ಅಷ್ಟೇನೂ ಗಂಗ್-ಹೋ ಅಲ್ಲ’ ಎಂದು, ಒಲ್ಲೆನೆಂಬುದನ್ನು ಮೃದುವಾಗಿ ತಿಳಿಸಲಿಕ್ಕೂ ಈಗ ಅದನ್ನು ಬಳಸುತ್ತಾರೆ.