ಘಟ್ಟ ದಾಟುವ ರೇಡಾರ್ ಕಿರಣ: ಅಬಲೂರಿನ ಮೇಲಿನ ಮೋಡದ ಎತ್ತರಕ್ಕೆ ತಿದ್ದುಪಡಿ

ಹಿರೇಕೆರೂರು ತಾಲ್ಲೂಕಿನ ಅಬಲೂರು ಪಣಜಿಯ ಹವಾಮಾನ ರೇಡಾರ್‌ಗೆ ಸುಮಾರು 200 ಕಿ.ಮೀ. ದೂರ. ದಿಗಂತದಿಂದ 0.5 ಡಿಗ್ರಿ ಮೇಲಕ್ಕೆ ಹೊರಟ ಕಿರಣ ನೆಟ್ಟಗೆ ಸಾಗಿದರೆ, ಭೂಮಿಯ ದುಂಡುತನವನ್ನೂ ಲೆಕ್ಕಕ್ಕೆ ಹಿಡಿದಾಗ, ಊರಿನ ಮೇಲೆ ಆಂಟೆನಾಕ್ಕಿಂತ 4.9 ಕಿ.ಮೀ. ಎತ್ತರದಲ್ಲಿರಬೇಕು. ಆದರೆ ಅದು ಅಷ್ಟು ಮೇಲೇರುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ತೇವ ಇಳಿಯುತ್ತದೆ. ಇದರಿಂದ ರೇಡಿಯೊ ಅಲೆ ನೆಲದತ್ತ ಬಾಗುತ್ತದೆ.

1933ರಲ್ಲಿ ರೇಡಿಯೊ ಸಂಶೋಧಕರಾದ ಶೆಲ್ಲೆಂಗ್, ಬರೋಸ್ ಮತ್ತು ಫೆರೆಲ್ ಇದಕ್ಕೊಂದು ಸರಳ ಉಪಾಯ ಕೊಟ್ಟರು: ಭೂಮಿಯ ತ್ರಿಜ್ಯವನ್ನು ಮೂರರಲ್ಲಿ ನಾಲ್ಕು ಪಟ್ಟು, ಅಂದರೆ ಸುಮಾರು 8,500 ಕಿ.ಮೀ. ಎಂದು ಹಿಡಿದು ಕಿರಣವನ್ನು ನೇರಗೆರೆಯೆಂದೇ ಎಣಿಸುವುದು. ಈ ಲೆಕ್ಕದಲ್ಲಿ ಎತ್ತರ 4.1 ಕಿ.ಮೀ.ಗೆ ಇಳಿಯುತ್ತದೆ.

ಈ ಸೂತ್ರ ನಿಂತಿರುವುದು ಒಂದು ಸರಾಸರಿಯ ಮೇಲೆ. ವಕ್ರೀಭವನದ ಪ್ರಮಾಣ ಪ್ರತಿ ಕಿ.ಮೀ.ಗೆ ಸುಮಾರು 39 ಎನ್-ಘಟಕ (ಒಂದು ಘಟಕವೆಂದರೆ ವಕ್ರೀಭವನ ಸೂಚ್ಯಂಕದಲ್ಲಿ ಹತ್ತು ಲಕ್ಷದಲ್ಲೊಂದು ಭಾಗ) ಇಳಿಯುತ್ತದೆಂಬುದೇ ಆ ಸರಾಸರಿ. ಇಡೀ ದಾರಿಯಲ್ಲಿ ಈ ಇಳಿಕೆ 10 ಘಟಕ ಹೆಚ್ಚಿದರೆ ಅಬಲೂರಿನ ಮೇಲೆ ಕಿರಣ 200 ಮೀಟರ್ ತಗ್ಗುತ್ತದೆ. ಇಳಿಕೆ 157 ದಾಟಿದರೆ ಅಲೆ ನೆಲದ ಬಳಿಯೇ ಸೆರೆಯಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮುಂಬಯಿಯ ರೇಡಾರ್ ಸಾವಿರದೈನೂರು ಕಿ.ಮೀ.ಗೂ ಆಚೆಯ ಅರೇಬಿಯಾದ ತೀರವನ್ನು ಕಂಡದ್ದು ಹೀಗೆಯೇ.

ಕರಾವಳಿಯಲ್ಲಿ ಬೇಸಿಗೆಯ ಒಣಗಾಳಿಯ ಕೆಳಗೆ ತೇವದ ಕಡಲಗಾಳಿ ನುಗ್ಗಿದಾಗ ಇಳಿಕೆ ತೀವ್ರವಾಗುತ್ತದೆ. ಮೊದಲ 50 ಕಿ.ಮೀ.ಯಲ್ಲಿ ಮಾತ್ರ 40 ಘಟಕ ಹೆಚ್ಚಾಯಿತೆನ್ನಿ. ಅಲ್ಲಿ ಬಿದ್ದ ಚಿಕ್ಕ ಬಾಗು ಮುಂದಿನ ದಾರಿಯುದ್ದಕ್ಕೂ ಬೆಳೆದು ಅಬಲೂರಿನಲ್ಲಿ 350 ಮೀಟರ್ ದೋಷವಾಗುತ್ತದೆ.

200 ಕಿ.ಮೀ. ದೂರದಲ್ಲಿ ಒಂದು ಡಿಗ್ರಿ ಅಗಲದ ಕಿರಣವೇ 3.5 ಕಿ.ಮೀ. ಹರಡಿರುವಾಗ ಈ ತಿದ್ದುಪಡಿ ಏಕೆ? ಹರಡುವಿಕೆಯ ಅನಿಶ್ಚಿತತೆ ಎರಡೂ ಕಡೆಗಿದೆ. ಬಾಗುವಿಕೆಯ ದೋಷ ಒಂದೇ ಕಡೆಗೆ ವಾಲುತ್ತದೆ. ಅದೇ ಹವೆ ಇರುವಷ್ಟು ಹೊತ್ತು ಎಷ್ಟು ಅಳತೆಗಳ ಸರಾಸರಿ ತೆಗೆದರೂ ಅದು ಅಳಿಯದು.

ಆದ್ದರಿಂದ ಬಲೂನು ಅಳೆದ ಒತ್ತಡ, ಉಷ್ಣತೆ, ತೇವಗಳಿಂದ ಕಿರಣದ ದಾರಿಯನ್ನು ಹಂತಹಂತವಾಗಿ ಲೆಕ್ಕಹಾಕಬೇಕು. ಪಣಜಿಯ ಬಲೂನು ಕರಾವಳಿಗೆ ಸಾಕು. ಘಟ್ಟದಾಚೆ, ಸುಮಾರು 600 ಮೀಟರ್ ಎತ್ತರದ ಬಯಲುಸೀಮೆಗೆ ಬೇರೆಯೇ ಮಾಹಿತಿ ಬೇಕು. ಫಲಿತಾಂಶವನ್ನು ಪರೀಕ್ಷಿಸಲು ಮೋಡದೊಳಗೇ ಗುರುತಿದೆ: ನಮ್ಮ ಅಕ್ಷಾಂಶದಲ್ಲಿ 5 ಕಿ.ಮೀ. ಆಸುಪಾಸಿನಲ್ಲಿ ಹಿಮದ ಹರಳು ಕರಗುವ ಪದರ ರೇಡಾರ್‌ನಲ್ಲಿ ಪ್ರಕಾಶಮಾನವಾಗಿ ಕಾಣುತ್ತದೆ. ಅದನ್ನು ಸ್ಪಷ್ಟವಾಗಿ ಬಿಡಿಸಿ ನೋಡಲು ಹತ್ತಿರದ ರೇಡಾರ್ ಬೇಕು.

2017ರ ‘ವರ್ಷಧಾರಿ’ ಮೋಡ ಬಿತ್ತನೆಗೆ ಗದಗದಲ್ಲಿ ರೇಡಾರ್ ನಿಲ್ಲಿಸಲಾಗಿತ್ತು. ಅಬಲೂರಿಗೆ ಅಲ್ಲಿಂದ ಸುಮಾರು 110 ಕಿ.ಮೀ.; ಅದೇ 10 ಘಟಕದ ವ್ಯತ್ಯಾಸ ಆ ದೂರದಲ್ಲಿ ತರುವ ದೋಷ 60 ಮೀಟರ್ ಮಾತ್ರ.