ಬೆನ್ನುಮೂಳೆಯ ಸದ್ದಿಲ್ಲದ ಮುರಿತ

ಆಸ್ಟಿಯೊಪೊರೋಸಿಸ್ ಅಥವಾ ಅಸ್ಥಿರಂಧ್ರತೆ ಇರುವವರಲ್ಲಿ ಬಿದ್ದ ನೆನಪಾಗಲಿ, ಹೇಳಿಕೊಳ್ಳುವಂಥ ನೋವಾಗಲಿ ಇಲ್ಲದೆ ಬೆನ್ನುಮೂಳೆಯ ಮಣಿ ಕುಸಿಯುವ ಸ್ಥಿತಿ. ಬೆನ್ನುಮಣಿಯ ಮುರಿತಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ವೈದ್ಯರ ಗಮನಕ್ಕೆ ಬರುತ್ತದೆ. ಉಳಿದವು ಸೊಂಟನೋವು, ವಾಯು, ವಯಸ್ಸು ಎಂಬ ಹೆಸರಿನಲ್ಲಿ ಮರೆಯಾಗುತ್ತವೆ. ಒಂದು ಮಣಿ ಹೊಸದಾಗಿ ಕುಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ, ಚಪ್ಪೆಮೂಳೆ ಮುರಿಯುವ ಅಪಾಯವೂ ಏರುತ್ತದೆ. ಆದ್ದರಿಂದ ಮೊದಲನೆಯದನ್ನೇ ಹಿಡಿಯಬೇಕು.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಪತ್ತೆಗೆ ಬೇರೆಡೆ ಸಾಮಾನ್ಯವಾಗಿ ಇಲ್ಲದ ಒಂದು ತೊಡಕಿದೆ. ಸಾಗರದ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಮಲೆನಾಡಿನ ಹಲವು ಕುಟುಂಬಗಳಲ್ಲಿ, ಹೆಚ್ಚಾಗಿ ದಲಿತರಲ್ಲಿ, ಚಪ್ಪೆ ಮತ್ತು ಮಂಡಿಯ ಕೀಲುಗಳನ್ನು ಕೆಡಿಸಿ ಜನರನ್ನು ಕೋಲು ಹಿಡಿಯುವಂತೆ, ತೆವಳುವಂತೆ ಮಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ 1978ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ವರದಿ ಮಾಡಿದರು. ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವೆಂಬ ಸಂಶಯ ಆಗ ಬಲವಾಗಿತ್ತು. ಮುಂದಿನ ಅಧ್ಯಯನಗಳು ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ, ಮೂಳೆಯ ಬೆಳವಣಿಗೆಯನ್ನೇ ತಪ್ಪಿಸುವ ಆನುವಂಶಿಕ ದೋಷವೆಂದು ಗುರುತಿಸಿದವು. ಕುಳ್ಳತನದೊಂದಿಗೆ ಬರುವ ಬಗೆಯಲ್ಲಿ ಬೆನ್ನುಮಣಿಗಳೂ ಚಪ್ಪಟೆಯಾಗಿರುತ್ತವೆ.

ಎಕ್ಸ್‌ರೇಯಲ್ಲಿ ಕಂಡ ಚಪ್ಪಟೆ ಮಣಿ ಹುಟ್ಟಿನಿಂದ ಬಂದದ್ದೋ ಇತ್ತೀಚೆಗೆ ಕುಸಿದದ್ದೋ ಎಂಬ ಪ್ರಶ್ನೆ ಹೀಗೆ ಏಳುತ್ತದೆ. ಆನುವಂಶಿಕ ದೋಷದಲ್ಲಿ ಸಾಮಾನ್ಯವಾಗಿ ಸಾಲಾಗಿ ಹಲವು ಮಣಿಗಳು ಒಂದೇ ರೀತಿ ತಗ್ಗಿ, ಅಂಚುಗಳು ಏರುಪೇರಾಗಿರುತ್ತವೆ. ಚಪ್ಪೆಯ ಕೀಲೂ ಕೆಟ್ಟಿರುತ್ತದೆ. ಅಸ್ಥಿರಂಧ್ರತೆಯಲ್ಲಿ ಅಕ್ಕಪಕ್ಕದ ಮಣಿಗಳು ಸರಿಯಿದ್ದು ಒಂದೆರಡು ಮಾತ್ರ ಮುಂಭಾಗದಲ್ಲಿ ಬೆಣೆಯಂತೆ ಕಿರಿದಾಗುವುದು ಅಥವಾ ನಡುವೆ ಗುಳಿ ಬೀಳುವುದು ಹೆಚ್ಚು. ಬೆನ್ನಿನ ನಡುಭಾಗ, ಮತ್ತು ಎದೆಯ ಮಣಿಗಳು ಮುಗಿದು ಸೊಂಟದ ಮಣಿಗಳು ಶುರುವಾಗುವ ಜಾಗ ಇದಕ್ಕೆ ಮಾಮೂಲಿ ನೆಲೆ. ಎರಡೂ ಒಬ್ಬರಲ್ಲೇ ಇರಬಹುದು. ಹಂದಿಗೋಡು ಕಾಯಿಲೆಯ ಮನೆಯ ಅಜ್ಜಿಗೆ ಹೊಸದಾಗಿ ಬೆನ್ನು ಬಾಗಿದರೆ ‘ಅದು ಅವರ ಮನೆಯ ಕಾಯಿಲೆ’ ಎಂದು ಬಿಟ್ಟುಬಿಡುವುದು ಅನ್ಯಾಯ.

ಪತ್ತೆಯ ಮೊದಲ ಹೆಜ್ಜೆಗೆ ಯಂತ್ರ ಬೇಡ. ಹರೆಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಇಳಿದಿದ್ದರೆ, ಅಥವಾ ಅಳೆದಿಟ್ಟ ಎತ್ತರದಲ್ಲಿ 2 ಸೆಂಟಿಮೀಟರ್ ಕಡಿಮೆಯಾದರೆ ಎಕ್ಸ್‌ರೇ ಬೇಕು. ಬರಿಗಾಲಲ್ಲಿ ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತಾಗ ತಲೆಯ ಹಿಂಭಾಗ ಗೋಡೆ ಮುಟ್ಟದಿರುವುದು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಎರಡು ಬೆರಳೂ ಹಿಡಿಸದಿರುವುದು ಇನ್ನೆರಡು ಸುಳಿವು. ಎರಡು ಕೈ ಚಾಚಿದ ಅಳತೆಯನ್ನು ಎತ್ತರಕ್ಕೆ ಹೋಲಿಸುವ ರೂಢಿಯೂ ಇದೆ. ಮೈಕಟ್ಟೇ ಗಿಡ್ಡವಾಗಿರುವ ಹಂದಿಗೋಡು ಕುಟುಂಬಗಳಲ್ಲಿ ಆ ಲೆಕ್ಕ ದಾರಿ ತಪ್ಪಿಸುತ್ತದೆ. ಅವರನ್ನು ಕೇಳಬೇಕಾದ್ದು ‘ಮೊದಲಿನಿಂದ ಹೀಗೇ ಇದ್ದಿರೋ, ಈಚೆಗೆ ಕುಗ್ಗಿದಿರೋ’ ಎಂದು. ವರ್ಷಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಹೆಂಗಸರು ಬಾಗಿದ ಬೆನ್ನನ್ನು ಕೆಲಸದ ಫಲವೆಂದೇ ತಿಳಿದಿರುತ್ತಾರೆ, ತಾವಾಗಿ ಹೇಳುವುದಿಲ್ಲ. ಉಬ್ಬಸಕ್ಕೋ ಸಂಧಿವಾತಕ್ಕೋ ಮೂರು ತಿಂಗಳಿಗೂ ಹೆಚ್ಚು ಸ್ಟಿರಾಯ್ಡ್ ಮಾತ್ರೆ ನುಂಗಿದವರನ್ನು, ಗಂಡಸರನ್ನೂ ಸೇರಿಸಿ, ವಿಶೇಷವಾಗಿ ನೋಡಬೇಕು.

ಎದೆ ಮತ್ತು ಸೊಂಟದ ಭಾಗವನ್ನು ಪಕ್ಕದಿಂದ ತೆಗೆದ ಎಕ್ಸ್‌ರೇಯೇ ಮುಖ್ಯ ಪರೀಕ್ಷೆ. ವಿಕಿರಣತಜ್ಞ ಜೆನೆಂಟ್ 1993ರಲ್ಲಿ ಕೊಟ್ಟ ಕ್ರಮದಂತೆ ಮಣಿಯ ಎತ್ತರ ಶೇ 20ರಿಂದ 25ರಷ್ಟು ತಗ್ಗಿದರೆ ಸೌಮ್ಯ, 25ರಿಂದ 40 ಮಧ್ಯಮ, ಅದಕ್ಕೂ ಮೀರಿದರೆ ತೀವ್ರ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾದಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಹರೆಯದವರ ಸಾಂದ್ರತೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ ಎನ್ನುತ್ತಾರೆ. ಆದರೆ ಸ್ಕೋರ್ ಅಷ್ಟು ಇಳಿಯದವರಲ್ಲೂ ಮಣಿಗಳು ಕುಸಿಯುತ್ತವೆ. ಡೆಕ್ಸಾ ಯಂತ್ರಕ್ಕಾಗಿ ಕಾದು ಎಕ್ಸ್‌ರೇಯನ್ನು ಮುಂದೂಡುವುದು ತರವಲ್ಲ. ಸ್ಕ್ಯಾನಿಗಾಗಲಿ ಎದೆಯ ಎಕ್ಸ್‌ರೇಗಾಗಲಿ ಬೇರೆ ಕಾರಣಕ್ಕೆ ಹೋದವರಲ್ಲೂ ಮುರಿತ ಕಾಣಸಿಗುತ್ತದೆ, ವರದಿಯಲ್ಲಿ ಅದನ್ನು ಬರೆಯದೆ ಬಿಡುವುದುಂಟು. ಜ್ವರ, ತೂಕ ಇಳಿತ, ರಾತ್ರಿ ನೋವು, ಕಾಲಿನ ಬಲ ಕುಂದುವುದು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಎಂಆರ್‌ಐ ನೆರವಿಗೆ ಬರುತ್ತದೆ.

ಅಸ್ಥಿರಂಧ್ರತೆಯ ಮುರಿತವೆಂದು ಖಚಿತವಾದರೆ ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಮ್ಮೆಯ ಜೊಲೆಡ್ರೊನಿಕ್ ಆಮ್ಲದ ಡ್ರಿಪ್ ಕೊಡುತ್ತಾರೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಕಾಫಿ ಚಹಾ ಅಲ್ಲ, ಒಂದು ಲೋಟ ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು, ಇಲ್ಲವಾದರೆ ಅನ್ನನಾಳ ಹುಣ್ಣಾಗಬಹುದು. ಈ ಔಷಧಿಗಳು ಹಂದಿಗೋಡು ಕಾಯಿಲೆಯ ಮೂಲ ದೋಷವನ್ನು ಸರಿಪಡಿಸುವುದಿಲ್ಲ.