ಎಷ್ಟು ಕಿಲೋಮೀಟರ್, ಎಂಥ ಕಿಲೋಮೀಟರ್: ಮನೆಮಂದಿಗೆ ಡೀಸೆಲ್ ಗಾಡಿ ಕೊಳ್ಳುವ ಲೆಕ್ಕದ ಮೇಲೊಂದು ಟಿಪ್ಪಣಿ

"ತಿಂಗಳಿಗೆ ಎಷ್ಟು ಓಡಿಸ್ತೀರಿ ಸರ್?" ಡೀಸೆಲ್ ಗಾಡಿ ವಿಚಾರಿಸಲು ಶೋರೂಂಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಸಾವಿರ, ಸಾವಿರದೈನೂರು ಕಿ.ಮೀ. ದಾಟಿದರೆ ಡೀಸೆಲ್, ಇಲ್ಲವಾದರೆ ಪೆಟ್ರೋಲ್ ಎಂಬ ಸೂತ್ರ ಮಾರುವವರಿಗೂ ಕೊಳ್ಳುವವರಿಗೂ ಬಾಯಿಪಾಠವಾಗಿದೆ. ಈ ಸೂತ್ರ ಹುಟ್ಟಿದ್ದು ಸರ್ಕಾರದ ಒಂದು ಬೆಲೆನೀತಿಯ ಕಾಲದಲ್ಲಿ. ಆ ನೀತಿ ಹೋಗಿ ದಶಕ ಕಳೆದರೂ ಸೂತ್ರ ಉಳಿದಿದೆ. ಈಗ ಕೇಳಬೇಕಾದ ಪ್ರಶ್ನೆ ಬೇರೆಯದು ಎಂಬುದೇ ಈ ಟಿಪ್ಪಣಿಯ ವಾದ. ಇಲ್ಲಿನ ಚರ್ಚೆ ಕರ್ನಾಟಕದಲ್ಲಿ ಬಿಳಿ ಬೋರ್ಡಿನಲ್ಲಿ ನೋಂದಣಿಯಾಗುವ, ಆರೇಳು ಜನ ಕೂರುವ ಗಾಡಿಗಳಿಗೆ ಸೀಮಿತ. ಹಳದಿ ಬೋರ್ಡಿನ ಟ್ಯಾಕ್ಸಿಯವರ ಲೆಕ್ಕವೇ ಬೇರೆ, ಅದಕ್ಕೆ ಕೈಹಾಕಿಲ್ಲ.

ಮನೆಮಂದಿಯೆಲ್ಲ ಒಟ್ಟಿಗೆ ಹೋಗುವ ಗಾಡಿ ಎಂದರೆ ಡೀಸೆಲ್ ಗಾಡಿ ಎಂಬ ಭಾವನೆ ಬೇರೂರಿದ್ದರಲ್ಲಿ ಬಿಡದಿಗೂ ಒಂದು ಪಾಲಿದೆ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದ ಆರಂಭದಲ್ಲಿ ಹೊರಬಂದ ಕ್ವಾಲಿಸ್‌ಗೆ 2.4 ಲೀಟರಿನ, 75 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇತ್ತು. ಗಡಸು ಸದ್ದು, ನಿಧಾನದ ಪಿಕಪ್, ಆದರೆ ಸುಲಭಕ್ಕೆ ಕೆಡುವ ಜಾತಿಯಲ್ಲ. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದಲ್ಲಿ 2.5 ಲೀಟರಿನ ಕಾಮನ್ ರೈಲ್ ಎಂಜಿನ್ ಕೂತಿತು. ಸುಮೋ, ಬೊಲೆರೊ, ಸ್ಕಾರ್ಪಿಯೊ ಮೊದಲೇ ಹಾಕಿದ್ದ ದಾರಿ ಹೀಗೆ ಹೆದ್ದಾರಿಯಾಯಿತು.

ಜನ ಡೀಸೆಲ್‌ಗೆ ಮುಗಿಬಿದ್ದದ್ದು ಮಾತ್ರ ಎಂಜಿನ್ನಿನ ಗುಣಕ್ಕಷ್ಟೇ ಅಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಇಂಧನವೆಂದು ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು, ಡೀಸೆಲನ್ನು ಬಿಡಲಿಲ್ಲ. ಅಂತರ ಹಿಗ್ಗುತ್ತ ಹೋಗಿ 2012ರ ಮೇ ಕೊನೆಯಲ್ಲಿ ದೆಹಲಿಯ ಬಂಕುಗಳಲ್ಲಿ ಪೆಟ್ರೋಲ್ ಲೀಟರಿಗೆ 73.18 ರೂ., ಡೀಸೆಲ್ 40.91 ರೂ. ಆಯಿತು. ರೈತನ ಹೆಸರಿನ ಸಹಾಯಧನ ದೊಡ್ಡ ಕಾರಿನ ಟ್ಯಾಂಕಿಗೂ ಹರಿಯುತ್ತಿದೆ ಎಂಬ ಆಕ್ಷೇಪ ಆಗಲೇ ಇತ್ತು. ಡೀಸೆಲ್ ಕಾರುಗಳ ಮೇಲೆ 80 ಸಾವಿರ ರೂ. ಹೆಚ್ಚುವರಿ ಅಬಕಾರಿ ಸುಂಕ ಹಾಕಿ ಎಂದು ಕಿರೀಟ್ ಪಾರೀಖ್ ನೇತೃತ್ವದ ತಜ್ಞರ ಸಮಿತಿ 2010ರಲ್ಲಿಯೇ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. 2013ರ ಜನವರಿಯಿಂದ ತಿಂಗಳಿಗೆ 50 ಪೈಸೆಯಂತೆ ಡೀಸೆಲ್ ಬೆಲೆ ಏರಿಸುತ್ತ ಬಂದು, 2014ರ ಅಕ್ಟೋಬರಿನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಡಲಾಯಿತು. 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲನ್ನು ದಾಟಿತು. ಮೊದಲ ಬಾರಿಗೆ.

ಡೀಸೆಲ್ ಗಾಡಿಯ ಉಳಿತಾಯದಲ್ಲಿ ಬೆಲೆನೀತಿಯ ಪಾಲೆಷ್ಟು, ಎಂಜಿನ್ನಿನ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಇಲ್ಲಿ ಮುಖ್ಯ. ಒಂದೇ ಗಾತ್ರದ ಗಾಡಿ ಪೆಟ್ರೋಲಿನಲ್ಲಿ ಲೀಟರಿಗೆ 12, ಡೀಸೆಲಿನಲ್ಲಿ 16 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳುತ್ತೇನೆ. ಬ್ರೋಷರಿನ ಅಂಕಿಗಳನ್ನು ಬೇಕೆಂದೇ ಬದಿಗಿಟ್ಟಿದ್ದೇನೆ, ಅವು ಪ್ರಯೋಗಶಾಲೆಯ ರೋಲರಿನ ಮೇಲೆ ಹುಟ್ಟಿದವು. 2012ರ ದೆಹಲಿ ದರದಲ್ಲಿ ಪೆಟ್ರೋಲ್ ಗಾಡಿಗೆ ಕಿ.ಮೀ.ಗೆ 6.10 ರೂ., ಡೀಸೆಲ್ ಗಾಡಿಗೆ 2.56 ರೂ. ಉಳಿತಾಯ 3.54 ರೂ. ಎರಡೂ ಇಂಧನದ ಬೆಲೆ ಒಂದೇ ಆಗಿದ್ದರೆ ಉಳಿಯುತ್ತಿದ್ದದ್ದು ಬರೀ 1.52 ರೂ. ಅಂದರೆ ಉಳಿತಾಯದಲ್ಲಿ ಶೇ 57ರಷ್ಟು ಬೆಲೆನೀತಿಯ ಕೊಡುಗೆ, ಮಿಕ್ಕದ್ದಷ್ಟೇ ಎಂಜಿನ್ನಿನ ಸಂಪಾದನೆ.

ಇದೇ ಲೆಕ್ಕವನ್ನು ಬೆಂಗಳೂರಿಗೆ ತರೋಣ. ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್ 1ರಿಂದ ಇನ್ನೊಮ್ಮೆ ಏರಿಸಿ ಶೇ 21.17ಕ್ಕೆ ತಂದಿತು. ಆಗ ಡೀಸೆಲ್ 91 ರೂ.ಗೆ, ಪೆಟ್ರೋಲ್ 103 ರೂ. ಆಸುಪಾಸಿಗೆ ಬಂದು ನಿಂತವು. ಕಿ.ಮೀ.ಗೆ ಪೆಟ್ರೋಲ್ ಗಾಡಿಗೆ 8.58 ರೂ., ಡೀಸೆಲ್ ಗಾಡಿಗೆ 5.69 ರೂ. ಉಳಿತಾಯ 2.89 ರೂ. ಅದರಲ್ಲಿ ಬೆಲೆಯ ಅಂತರದಿಂದ ಬರುವುದು 75 ಪೈಸೆ ಮಾತ್ರ, ಅಂದರೆ ಶೇ 26. ಉಳಿದ ಮುಕ್ಕಾಲು ಪಾಲು ಎಂಜಿನ್ನೇ ದುಡಿದು ತರಬೇಕು. ಹದಿಮೂರು ವರ್ಷದಲ್ಲಿ ರೂಪಾಯಿಯ ಬೆಲೆ ಕುಸಿದಿರುವಾಗಲೂ ಕಿ.ಮೀ. ಉಳಿತಾಯ ರೂಪಾಯಿ ಲೆಕ್ಕದಲ್ಲೇ ಇಳಿದಿರುವುದನ್ನು ಗಮನಿಸಬೇಕು.

ಅತ್ತ ಗಾಡಿಯ ಬೆಲೆಯಲ್ಲಿನ ಅಂತರ ಏರಿದೆ. ಆನ್‌ರೋಡ್‌ನಲ್ಲಿ ಡೀಸೆಲ್ ಮಾದರಿಗೆ 2 ಲಕ್ಷ ರೂ. ಹೆಚ್ಚು ಎಂದಾದರೆ, ಆ ಹಣ ವಾಪಸಾಗಲು ಸುಮಾರು 69 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಇದು ಐದು ವರ್ಷ ಒಂಬತ್ತು ತಿಂಗಳ ಮಾತು. ಸರ್ವೀಸಿನ ಖರ್ಚನ್ನು, ಸಾಲ ಮಾಡಿದ್ದರೆ ಆ 2 ಲಕ್ಷದ ಬಡ್ಡಿಯನ್ನು ನಾನಿಲ್ಲಿ ಸೇರಿಸಿಲ್ಲ.

ತೆರಿಗೆಯ ಒಂದು ಸೂಕ್ಷ್ಮ ಕರ್ನಾಟಕದವರಿಗೆ ವಿಶೇಷವಾಗಿ ತಟ್ಟುವಂಥದ್ದು. ಇಲ್ಲಿನ ಲೈಫ್ ಟೈಮ್ ಟ್ಯಾಕ್ಸ್ ದೇಶದ ಅತಿ ಭಾರದ ತೆರಿಗೆಗಳಲ್ಲೊಂದು. 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರಾಚೆ 18. ಇದರ ಮೇಲೆ ಸೆಸ್ ಬೇರೆ. ಆದಾಯ ತೆರಿಗೆಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಗಡಿ ದಾಟಿದರೆ ಪೂರ್ತಿ ಬೆಲೆಗೆ ಮೇಲಿನ ದರ. 9.80 ಲಕ್ಷದ ಪೆಟ್ರೋಲ್ ಮಾದರಿಗೆ ತೆರಿಗೆ 1,37,200 ರೂ. ಅದೇ ಗಾಡಿಯ 11 ಲಕ್ಷದ ಡೀಸೆಲ್ ಮಾದರಿಗೆ 1,87,000 ರೂ. ಬೆಲೆಯ ಅಂತರ 1.20 ಲಕ್ಷವಾದರೆ ತೆರಿಗೆಯ ಅಂತರವೇ ಸುಮಾರು 50 ಸಾವಿರ. ಪೆಟ್ರೋಲೋ ಡೀಸೆಲೋ ಎಂದು ತೆರಿಗೆ ಕೇಳುವುದಿಲ್ಲ, ಆದರೂ ಗಡಿಯ ಹತ್ತಿರದ ಗಾಡಿಗಳಲ್ಲಿ ಅದು ಡೀಸೆಲ್ ಮೇಲಿನ ದಂಡವಾಗಿಯೇ ಪರಿಣಮಿಸುತ್ತದೆ. ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಆದ ಬದಲಾವಣೆ ಇದಕ್ಕೆ ತಿರುಗುಮುರುಗು: ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1500 ಸಿಸಿ ಮೀರದ ಡೀಸೆಲ್ ಗಾಡಿಗೂ ಸಣ್ಣ ಪೆಟ್ರೋಲ್ ಕಾರಿನಂತೆಯೇ ಶೇ 18. ಉದ್ದವೋ ಸಿಸಿಯೋ ಮೀರಿದರೆ ಶೇ 40. ಮೂರು ಸಾಲು ಸೀಟಿದ್ದೂ ಈ ಅಳತೆಯೊಳಗೆ ನಿಲ್ಲುವ ಬೊಲೆರೊದಂಥ ಗಾಡಿಗಳಿಗೆ ಇದರಿಂದ ಅನುಕೂಲವಾಯಿತು.

ಇಷ್ಟು ಹಣದ ಮಾತು. ಇನ್ನು ಯಂತ್ರದ ಮಾತು, ನನ್ನ ದೃಷ್ಟಿಯಲ್ಲಿ ಹೆಚ್ಚಿನದು.

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಮಾನದಂಡ ಬಂತು. ಡೀಸೆಲ್ ಕಾರು ಪ್ರತಿ ಕಿ.ಮೀ.ಗೆ ಉಗುಳಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ 250 ಮಿಲಿಗ್ರಾಮಿನಿಂದ 80ಕ್ಕೂ, ಕಣಗಳ ಮಿತಿ 25ರಿಂದ 4.5ಕ್ಕೂ ಇಳಿಯಿತು. ಇದಕ್ಕಾಗಿ ಇಂಧನದಲ್ಲಿನ ಗಂಧಕದ ಅಂಶವನ್ನೂ ದಶಲಕ್ಷಕ್ಕೆ 50ರಿಂದ 10ಕ್ಕೆ ಇಳಿಸಬೇಕಾಯಿತು. ಸಣ್ಣ ಎಂಜಿನ್ನಿಗೆ ಈ ಶುದ್ಧೀಕರಣದ ಸಾಮಗ್ರಿ ಜೋಡಿಸಿದರೆ ಗಿಟ್ಟುವುದಿಲ್ಲವೆಂದು ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಸ್ವಿಫ್ಟಿನಿಂದ ಎರ್ಟಿಗಾವರೆಗೆ ದುಡಿದಿದ್ದ, ಫಿಯೆಟ್ ಮೂಲದ 1.3 ಲೀಟರ್ ಎಂಜಿನ್ ಅಲ್ಲಿಗೆ ಮುಗಿಯಿತು. ಫೋಕ್ಸ್‌ವ್ಯಾಗನ್, ರೆನೋ ಕೂಡ ಹಿಂದೆ ಸರಿದವು. 2023ರ ಏಪ್ರಿಲ್‌ನಲ್ಲಿ ರಸ್ತೆಯ ಮೇಲಿನ ನೈಜ ಓಟದಲ್ಲೂ ಹೊಗೆ ಅಳೆಯುವ ಎರಡನೇ ಹಂತ ಬಂದಾಗ ಹೋಂಡಾದ ಸರದಿ. ಮಹೀಂದ್ರಾ, ಟಾಟಾ, ಹ್ಯುಂಡೈ, ಕಿಯಾ, ಟೊಯೋಟಾ ಉಳಿದುಕೊಂಡವು.

ಉಳಿದ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಈಗ ಡಿಪಿಎಫ್ ಎಂಬ ಜಾಲರಿ ಇದೆ. ಮಸಿಯ ಕಣಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ಸುಟ್ಟು ಖಾಲಿ ಮಾಡುತ್ತದೆ. ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯ ಸ್ಥಿರ ಓಟದಲ್ಲಿ ಮಸಿ ಕಡಿಮೆ ಶಾಖದಲ್ಲೇ ಒಂದಿಷ್ಟು ಕರಗುತ್ತ ಹೋಗುತ್ತದೆ, ಕೆಲಸ ಹಗುರ. ಊರೊಳಗಿನ ಓಟದಲ್ಲಿ ಆ ಶಾಖ ಹುಟ್ಟುವುದಿಲ್ಲ. ಆಗ ಎಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಜಾಲರಿಯನ್ನು ಕಾಯಿಸುತ್ತದೆ. ಈ ಕ್ರಿಯೆ ಮುಗಿಯಲು ಕಾಲು ಗಂಟೆಯಾದರೂ ತಡೆಯಿಲ್ಲದ ಓಟ ಬೇಕು. ಎರಡು ಕಿ.ಮೀ. ದೂರದ ಶಾಲೆಗೆ ಮಕ್ಕಳನ್ನು ಬಿಟ್ಟು, ಬರುವಾಗ ತರಕಾರಿ ತಂದು ಗಾಡಿ ನಿಲ್ಲಿಸುವ ಮನೆಯಲ್ಲಿ ಅದು ದಿನವೂ ಅರ್ಧಕ್ಕೇ ನಿಲ್ಲುತ್ತದೆ. ಅರ್ಧಕ್ಕೆ ನಿಂತಾಗ ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಇಳಿಯುವ ಬದಲು ಏರಿರುತ್ತದೆ! ಮುಂದಿನದು ಡ್ಯಾಶ್‌ಬೋರ್ಡಿನ ದೀಪ, ಆಮೇಲೆ ಸರ್ವೀಸ್ ಸೆಂಟರ್. ಮಸಿ ಸುಟ್ಟ ಮೇಲೆ ಉಳಿಯುವ ಬೂದಿ ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಬೂದಿ ಕಡಿಮೆ ಬಿಡುವ, ದುಬಾರಿ ಆಯಿಲನ್ನೇ ಹಾಕಿ ಎಂದು ಕಂಪನಿಗಳು ಒತ್ತಿ ಹೇಳುವುದು ಅದಕ್ಕೇ. ಹಲವು ಮಾದರಿಗಳಲ್ಲಿ ಇದರ ಜೊತೆಗೆ, ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ಆಡ್‌ಬ್ಲೂ ದ್ರಾವಣದ ಟ್ಯಾಂಕೂ ಇರುತ್ತದೆ. ಶೇ 32.5ರಷ್ಟು ಯೂರಿಯಾ, ಮಿಕ್ಕದ್ದು ಖನಿಜಾಂಶ ತೆಗೆದ ನೀರು. ಅದು ಪೂರ್ತಿ ಖಾಲಿಯಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಊರೊಳಗಿನ ದಟ್ಟಣೆಯಲ್ಲಿ ಪೆಟ್ರೋಲ್ ಗಾಡಿ 9, ಡೀಸೆಲ್ ಗಾಡಿ 11 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ ಕಿ.ಮೀ. ಉಳಿತಾಯ 3.17 ರೂ. ಹೆದ್ದಾರಿ ಬೆರೆತ ಓಟದ 2.89 ರೂ.ಗಿಂತ ಹೆಚ್ಚು! ಬರಿಯ ಕಾಗದದ ಲೆಕ್ಕ ನೆಚ್ಚಿದವರು ಊರೊಳಗಿನ ಓಡಾಟಕ್ಕೇ ಡೀಸೆಲ್ ವಾಸಿ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ, ಯಂತ್ರ ಹೇಳುವುದು ಸರಿಯಾಗಿ ಅದರ ತದ್ವಿರುದ್ಧ. ತಿಂಗಳಿಗೆ ಸಾವಿರದೈನೂರು ಕಿ.ಮೀ. ಓಡಿಸುವ ಇಬ್ಬರಲ್ಲಿ ಒಬ್ಬರು ವಾರವಾರ ಬೆಂಗಳೂರಿನಿಂದ ಹಾಸನದ ತೋಟಕ್ಕೆ ಹೋಗಿಬರುವವರು, ಇನ್ನೊಬ್ಬರು ಮಲ್ಲೇಶ್ವರದೊಳಗೇ ಸುತ್ತುವವರು. ಶೋರೂಂನ ಪ್ರಶ್ನೆಗೆ ಇಬ್ಬರ ಉತ್ತರವೂ ಒಂದೇ. ಡೀಸೆಲ್ ಗಾಡಿ ಒಗ್ಗುವುದು ಮೊದಲನೆಯವರಿಗೆ ಮಾತ್ರ.

ಡೀಸೆಲ್‌ನ ಎಳೆತದ ಬಗ್ಗೆ ಹೇಳುವ ಮಾತಿಗೂ ಈಗ ತಿದ್ದುಪಡಿ ಬೇಕು. ಏಳು ಜನ, ಹಿಂದೆ ಲಗೇಜು, ಎಸಿ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಬೇಕಾಗುವುದು ಕಡಿಮೆ ವೇಗದಲ್ಲೇ ಸಿಗುವ ಟಾರ್ಕ್. ಕಿಯಾ ಕ್ಯಾರೆನ್ಸ್‌ನ 1.5 ಲೀಟರ್ ಡೀಸೆಲ್ ಎಂಜಿನ್ 250 ನ್ಯೂಟನ್ ಮೀಟರ್ ಕೊಡುತ್ತದೆ, ಅಷ್ಟೇ ಗಾತ್ರದ ಸಾದಾ ಪೆಟ್ರೋಲ್ ಎಂಜಿನ್ 144. ಎರಡರ ನಡುವೆ ಹೋಲಿಕೆಯೇ ಇಲ್ಲ. ಆದರೆ ಅದೇ ಗಾಡಿಯ ಟರ್ಬೊ ಪೆಟ್ರೋಲ್ ಎಂಜಿನ್ 253 ಕೊಡುತ್ತದೆ. ಘಾಟಿ ಹತ್ತಲು ಡೀಸೆಲೇ ಬೇಕು ಎಂಬ ಮಾತು ಈಗ ಸಾದಾ ಪೆಟ್ರೋಲಿಗೆ ಹೋಲಿಸಿದಾಗಷ್ಟೇ ನಿಜ. ಟರ್ಬೊ ಪೆಟ್ರೋಲ್ ಏರಿನಲ್ಲಿ ಕುಡಿಯುವ ಇಂಧನ ಮಾತ್ರ ಬೇರೆಯೇ ಕಥೆ.

ಡೀಸೆಲ್‌ಗೆ ನಿಜವಾದ ಎದುರಾಳಿ ಬಂದದ್ದೂ ಬಿಡದಿಯಿಂದಲೇ. 2022ರ ಕೊನೆಯಲ್ಲಿ ಟೊಯೋಟಾ ತೋರಿಸಿದ ಇನ್ನೋವಾ ಹೈಕ್ರಾಸ್‌ಗೆ ಡೀಸೆಲ್ ಎಂಜಿನ್ನೇ ಇಲ್ಲ. ಅದರ ಹೈಬ್ರಿಡ್ ಮಾದರಿಯ ಪ್ರಮಾಣಿತ ಮೈಲೇಜ್ 23.24. ರಸ್ತೆಯಲ್ಲಿ 16 ಎಂದು ಇಳಿಸಿಕೊಂಡರೂ ಕಿ.ಮೀ.ಗೆ 6.44 ರೂ. ಅದರ ಪಕ್ಕದಲ್ಲೇ 2023ರಲ್ಲಿ ಮತ್ತೆ ಮಾರಾಟಕ್ಕೆ ಬಂದ 2.4 ಲೀಟರ್ ಡೀಸೆಲ್ ಕ್ರಿಸ್ಟಾ 12 ಕೊಟ್ಟರೆ 7.58 ರೂ. ಅದೂ ಊರೊಳಗೆ ಹೈಬ್ರಿಡ್ ಹೆಚ್ಚು ಉಳಿಸುತ್ತದೆ, ಡಿಪಿಎಫ್ ತಾಪತ್ರಯವಿಲ್ಲ. ಕ್ರಿಸ್ಟಾ ಉಳಿದಿರುವುದು ಚಾಸಿಸ್ ಮೇಲೆ ಕೂರಿಸಿದ ಗಟ್ಟಿ ಕಟ್ಟಡಕ್ಕೆ, ವರ್ಷಾನುಗಟ್ಟಲೆ ತುಂಬಿದ ಗಾಡಿಯಲ್ಲಿ ಹೆದ್ದಾರಿ ಸುತ್ತುವವರಿಗೆ.

ಪೆಟ್ರೋಲ್ ಕಡೆಯೂ ಎಲ್ಲ ನೆಟ್ಟಗಿಲ್ಲ. ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಇದರಿಂದ ಪೆಟ್ರೋಲ್ ಗಾಡಿಯ ಮೈಲೇಜ್ 12ರಿಂದ 11.5ಕ್ಕೆ ಇಳಿದರೆ ಹಣ ವಾಪಸಾಗುವ ದೂರ 69 ಸಾವಿರದಿಂದ 61 ಸಾವಿರ ಕಿ.ಮೀ.ಗೆ ಬರುತ್ತದೆ.

ಕಡೆಗೆ ಕಾಯಿದೆಯ ಅನಿಶ್ಚಿತತೆ. ದೆಹಲಿ ವಲಯದಲ್ಲಿ 2000 ಸಿಸಿ ಮತ್ತು ಮೇಲಿನ ಡೀಸೆಲ್ ಕಾರುಗಳ ನೋಂದಣಿಯನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರಿನಲ್ಲಿ ತಡೆದು, 2016ರ ಆಗಸ್ಟ್‌ನಲ್ಲಿ ಶೇ 1ರ ಹಸಿರು ಸೆಸ್ ಹಾಕಿ ಬಿಟ್ಟಿತು. ಆ ನಡುವೆ ಮಹೀಂದ್ರಾ ತನ್ನ ಎಂಜಿನ್ನನ್ನೇ 1.99 ಲೀಟರಿಗೆ ಕತ್ತರಿಸಿಕೊಂಡಿತ್ತು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಅಲ್ಲಿ ಬಿದ್ದ ನಿಷೇಧ ಬೆಂಗಳೂರಿನಲ್ಲಿಲ್ಲ, ಇಲ್ಲಿ ಆರ್‌ಸಿ ಹದಿನೈದು ವರ್ಷದ್ದು. ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ 2027ರೊಳಗೆ ನಾಲ್ಕು ಚಕ್ರದ ಡೀಸೆಲ್ ವಾಹನಗಳನ್ನು ನಿಲ್ಲಿಸಿ ಎಂದು ತರುಣ್ ಕಪೂರ್ ಸಮಿತಿ 2023ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಡೀಸೆಲ್ ಗಾಡಿಗಳ ಮೇಲೆ ಶೇ 10 ಹೆಚ್ಚುವರಿ ತೆರಿಗೆಯ ಮಾತಾಡಿದ ಸಚಿವ ನಿತಿನ್ ಗಡ್ಕರಿ, ಅಂಥ ಪ್ರಸ್ತಾವವೇನೂ ಸರ್ಕಾರದ ಮುಂದಿಲ್ಲ ಎಂದು ಅದೇ ದಿನ ಸ್ಪಷ್ಟಪಡಿಸಿದರು. ಇಂಥ ಸುದ್ದಿ ಕಾಯಿದೆಯಾಗದಿದ್ದರೂ ಸೆಕೆಂಡ್ ಹ್ಯಾಂಡ್ ಬೆಲೆಯನ್ನು ಅಲುಗಿಸಬಲ್ಲದು. ಹಣ ವಾಪಸಾಗುವ ಲೆಕ್ಕವನ್ನು, ಮಾರುವಾಗ ಎರಡೂ ಗಾಡಿಗೆ ಒಂದೇ ಬೆಲೆ ಸಿಗುತ್ತದೆ ಎಂದಿಟ್ಟುಕೊಂಡೇ ಮಾಡಿದ್ದೇನೆ. ಡೀಸೆಲ್ ಗಾಡಿಗೆ 50 ಸಾವಿರ ಹೆಚ್ಚು ಬಂದರೆ ಆ ದೂರ 52 ಸಾವಿರ ಕಿ.ಮೀ.ಗೆ ಇಳಿಯುತ್ತದೆ, 50 ಸಾವಿರ ಕಡಿಮೆಯಾದರೆ 86 ಸಾವಿರಕ್ಕೆ ಏರುತ್ತದೆ.